ದಿಲಶಾದಬಿಗೆ ಕೇಳಿಸಿದ್ದು

ನನ್ನ ಹತ್ತಿರ ಒಂದು ಕಾಲಕ್ಕೆ ಒಂದು ಬಿಳಿ ಕಾರಿತ್ತು. ಇತ್ತು ಅನ್ನುವುದಕ್ಕಿಂತ ನಿಂತಿತ್ತು ಅನ್ನುವುದು ಖರೆ. ಬಿತ್ತನೆ ಬೀಜದ ಏಜೆಂಟನಾಗಿ ಶಿರಹಟ್ಟಿ, ಮುಂಡರಗಿ, ಗದಗ ಅಂತ ತಿರುಗಿದ ಇಪ್ಪತ್ತೆರಡು ವರ್ಷದಲ್ಲಿ ಆ ಕಾರನ್ನು ನಾನು ಓಡಿಸಿದ್ದು ಕಡಿಮೆ, ಮಂದಿ ತಳ್ಳಿದ್ದು ಹೆಚ್ಚು. ಗದಗ-ಬೆಟಗೇರಿಯ ಅರ್ಧ ಗಂಡಸರ ಅಂಗೈ ಅದರ ಡಿಕ್ಕಿಯ ಮೇಲೆ ಮೂಡಿತ್ತು. ಕೈನೋಡಿ ಶಾಸ್ತ್ರ ಹೇಳುವವನೊಬ್ಬ ಬಂದಿದ್ದರೆ ಡಿಕ್ಕಿ ನೋಡಿಯೇ ಇಡೀ ಊರಿನ ಭವಿಷ್ಯ ಹೇಳಿ ಮುಗಿಸುತ್ತಿದ್ದ. ಚಳಿಗಾಲದಲ್ಲಿ ಅದು ಮುಂಜಾನೆ ಎಂಟಕ್ಕೆ ಚಾಲೂ ಆಗಬೇಕಾದರೆ ನಾನು ಹಿಂದಿನ ದಿನ ಮಧ್ಯಾಹ್ನದಿಂದಲೇ ಕೀ ತಿರುವಲು ಶುರುಮಾಡಬೇಕಿತ್ತು.

ಆ ಕಾರಿನ ದೆಸೆಯಿಂದ ನನಗೆ ದಿಲಶಾದಬಿಯ ಪರಿಚಯವಾಯಿತು.

ಲಕ್ಷ್ಮೇಶ್ವರದಿಂದ ಶಿಗ್ಲಿ ಕಡೆ ಹೋಗುವ ರಸ್ತೆಯಲ್ಲಿ ಆಕೆಯ ಗಂಡ ದಾವಲಸಾಬನ ಗ್ಯಾರೇಜು. ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೆ ತಗಡು, ಹಿಂದೊಂದು ಗೋಡೆ. ಗೋಡೆಯ ಆಚೆ ಅವರ ಅಡಿಗೆಮನೆ. ಗೋಡೆಯಲ್ಲಿ ಒಂದು ಇಟ್ಟಂಗಿ ತೆಗೆದು ಕಿಂಡಿ ಮಾಡಿದ್ದರು. ತುಂಬಿದ ಚಹಾದ ಕಪ್ಪು ಅಲ್ಲಿಂದ ಈಚೆ ಬರುತ್ತಿತ್ತು, ಖಾಲಿಯಾಗಿ ಆಚೆ ಹೋಗುತ್ತಿತ್ತು. ಹನ್ನೊಂದು ವರ್ಷ ನಾನು ಆಕೆಯ ಕೈಬಳೆ ಮಾತ್ರ ನೋಡಿದ್ದೆ, ಆಕೆ ನನ್ನ ಕೈಗಂಟಿದ ಎಣ್ಣೆ ಮಾತ್ರ ನೋಡಿದ್ದಳು. ಅಷ್ಟರ ಮೇಲೆಯೇ ನಮ್ಮ ಸ್ನೇಹ ಗಟ್ಟಿಯಾಗಿತ್ತು.

ದಾವಲಸಾಬನಿಗೆ ಒಂದು ರೂಢಿ. ಗಾಡಿ ಬಂದ ಕೂಡಲೆ ಬಾನೆಟ್ಟು ಎತ್ತುತ್ತಿರಲಿಲ್ಲ. ಮಾಲಕನಿಗೆ "ತಿರುವ್ರಿ ಕೀ" ಅನ್ನುವುದು, ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಇಡೀ ಓಣಿಗೆ ಡಂಗುರ ಹೊಡೆದ ಹಾಗೆ ರೋಗದ ಹೆಸರು ಒದರುವುದು. ಖಿರ್ ಖಿರ್ ಅಂತ ಉಸಿರುಗಟ್ಟಿದ ಸಪ್ಪಳ ಬಂದರೆ "ಬ್ಯಾಟರಿ!" ಬರೀ ಕಟ್ ಅಂದು ಸುಮ್ಮನಾದರೆ "ಸೆಲ್ಫು!" ಚಂದಾಗಿ ತಿರುಗಿ ತಿರುಗಿ ಕಿಡಿ ಹತ್ತದೇ ಹೋದರೆ "ಪಾಯಿಂಟು!" ಹೀಗೆ ಅವನು ಒದರಿದ್ದೆಲ್ಲ ಗೋಡೆ ದಾಟಿ ಒಲೆಯ ಮುಂದೆ ಕೂತವಳ ಕಿವಿಗೆ ಬೀಳುತ್ತಿತ್ತು. ವರ್ಷಾನುಗಟ್ಟಲೆ ಬಿತ್ತು. ಮೊದಲು ಸಪ್ಪಳ, ಹಿಂದೆಯೇ ಹೆಸರು. ಮಗ್ಗಿ ಕಲಿತ ಹಾಗೆ ಕಲಿತಳು, ಕಲಿಯುತ್ತಿದ್ದೇನೆಂದು ಆಕೆಗೂ ಗೊತ್ತಿರಲಿಲ್ಲ.

ಒಂದು ದಿನ ನನ್ನ ಕಾರಿನ ಸಪ್ಪಳ ಕೇಳಿ ದಾವಲಸಾಬ "ಪಾಯಿಂಟು!" ಅಂದ. ಗೋಡೆಯ ಆಚೆಯಿಂದ ಸೌಟು ಢಣ್ ಅಂತ ಬಡಿಯಿತು. "ಅಲ್ಲ, ಪೆಟ್ರೋಲ್ ಏರವಲ್ದು!"

ದಾವಲಸಾಬ ನನ್ನ ಮುಖ ನೋಡಿದ. ನಾನು ಗೋಡೆಯ ಮುಖ ನೋಡಿದೆ. ಬಾನೆಟ್ಟು ಎತ್ತಿದರೆ ಪೆಟ್ರೋಲಿನ ನಳಿಗೆಯಲ್ಲಿ ಹತ್ತಿಕಾಳಿನಷ್ಟು ಕಸ. ಅಂದಿನಿಂದ ಅವನು ಒದರುವ ಮುಂಚೆ ಒಂದು ಗಳಿಗೆ ತಡೆಯತೊಡಗಿದ. ಒಂದು ಸಲ ಸೌಟು ಬಡಿದರೆ ಬ್ಯಾಟರಿ, ಎರಡು ಸಲ ಸೆಲ್ಫು, ಮೂರು ಸಲ ಪೆಟ್ರೋಲು. ಗಿರಾಕಿಗಳು ಒಳಗೆ ಯಾರೋ ಮಸಾಲಿ ಕುಟ್ಟುತ್ತಿದ್ದಾರೆ ಅಂದುಕೊಳ್ಳುವರು. ದಾವಲಸಾಬನ ಹೆಸರು ಹಂಪಿಯವರೆಗೆ ಹೋಯಿತು. ಹಂಪಿಯ ಕಲ್ಲಿನ ರಥವೂ ಇವನ ಕೈಗೆ ಸಿಕ್ಕಿದ್ದರೆ ಒಂದೆರಡು ಮೈಲಿಯಾದರೂ ಹೋಗುತ್ತಿತ್ತು ಅಂತ ನಾನೇ ನಾಲ್ಕು ಕಡೆ ಹೇಳಿದ್ದೇನೆ.

ಆದರೆ ಆಕೆ ಗಾಡಿಯ ಹೊಟ್ಟೆಯೊಳಗೆ ಇಣುಕಿ ನೋಡಿದವಳಲ್ಲ. ಗೋಡೆ ದಾಟಿ ಬರಲು ಪುರಸೊತ್ತೇ ಇರಲಿಲ್ಲ ಅನ್ನುತ್ತಿದ್ದಳು. ಒಮ್ಮೆ ಕಿಂಡಿಯಿಂದಲೇ ನನ್ನನ್ನು ಕೇಳಿದಳು. "ಸಾಹೇಬ್ರ, ಈ ಪಾಯಿಂಟು ಅಂತಾರಲ್ಲ, ಅದು ಎಷ್ಟ ದೊಡ್ಡದಿರ್ತೈತ್ರಿ?"

"ಕಿರುಬೆರಳಿನ ಉಗುರಿನಷ್ಟು," ಅಂದೆ.

"ನಾ ಕುಂಬಳಕಾಯಿ ಅಷ್ಟು ಅಂತ ತಿಳ್ಕೊಂಡಿದ್ದೆ," ಅಂದಳು. "ಅದು ಹೋತು ಅಂದ್ರ ನೀವೆಲ್ಲಾರೂ ಅಷ್ಟ ಮಾರಿ ಸಣ್ಣದು ಮಾಡ್ತಿದ್ರಿ."

ಮೊಬೈಲು ಬಂದಾಗ ದಾವಲಸಾಬ ಒಂದು ಡಬ್ಬ ಕೆಂಪು ಬಣ್ಣ ತಂದು ಶಿರಹಟ್ಟಿಯಿಂದ ಮುಂಡರಗಿಯವರೆಗೆ, ಶಿಗ್ಲಿಯಿಂದ ಗದಗಿನವರೆಗೆ, ರಸ್ತೆಯ ಮೋರಿಗಳ ಸಿಕ್ಕ ಸಿಕ್ಕ ಸಿಡಿಗಟ್ಟೆಯ ಮೇಲೆ ತನ್ನ ನಂಬರು ಬರೆದ. ಒಂದು ಕಡೆ ಎಮ್ಮೆಯೊಂದು ಸುಮ್ಮನೆ ನಿಂತಿತ್ತಂತೆ, ಅದರ ಮೇಲೂ ಅರ್ಧ ನಂಬರು ಬರೆದಿದ್ದನಂತೆ, ಅಷ್ಟರಲ್ಲಿ ಎಮ್ಮೆ ನಡೆಯಿತು.

ದಾವಲಸಾಬ ಹೋಗಿ ಈಗ ಆರು ವರ್ಷ. ನಲವತ್ತನೇ ದಿನದ ಊಟ ಮುಗಿದು ಪಾತ್ರೆ ಬೆಳಗುವಾಗ ಅವನ ಫೋನು ರಿಂಗಾಯಿತಂತೆ. ಸೊರಟೂರಿನ ಹಳೆಯ ಗಿರಾಕಿ. "ದಾವಲಸಾಬ, ಗಾಡಿ ಚಾಲೂ ಆಗವಲ್ದೋ ಮಾರಾಯ." ದಾವಲಸಾಬ ಇಲ್ಲ ಅನ್ನಬೇಕು. ಆ ಮಾತು ಆಕೆಯ ಬಾಯಿಂದ ಹೊರಡಲಿಲ್ಲ. ಹೊರಟದ್ದು ಬೇರೆ. "ಫೋನು ಬಾನೆಟ್ಟಿನ ಹತ್ರ ಹಿಡೀರಿ. ಕೀ ತಿರುವ್ರಿ."

ಕಟ್ ಅಂತು.

"ಸೆಲ್ಫು ಹಿಡಕೊಂಡೈತಿ. ಅದರ ತಲಿ ಮ್ಯಾಲೆ ಪಾನಾದಿಂದ ಮೆಲ್ಲಕ ಎರಡು ಬಡೀರಿ."

ಬಡಿದ, ಗಾಡಿ ಹತ್ತಿತು. ಸಂಜೆಯೊಳಗೆ ಸೊರಟೂರಿಗೆಲ್ಲ ಖಬರ ಮುಟ್ಟಿತು. ಆಮೇಲೆ ಆ ಫೋನು ಒಲೆಯ ಪಕ್ಕದ ಗೂಡಿನಲ್ಲೇ ಉಳಿಯಿತು. ಟ್ರ್ಯಾಕ್ಟರಿನವರು, ಜೀಪಿನವರು, ಹಳೇ ಟೆಂಪೋದವರು, ಎಲ್ಲರೂ "ಬಿಬಿ, ಸ್ವಲ್ಪ ಕೇಳ್ರಿ" ಅನ್ನುವರು. ಆಕೆ ರೊಟ್ಟಿ ಬಡಿಯುತ್ತ ಕೇಳುವಳು. ಫೋನು ಎತ್ತುವಾಗ ಪ್ರತಿ ಸಲವೂ "ದಾವಲಸಾಬ ಗ್ಯಾರೇಜ್" ಅನ್ನುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಗಂಡನ ಹೆಸರು ಬಾಯಲ್ಲಿ ಬರುತ್ತಿತ್ತು, ಅದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ.

ತೊಂದರೆ ಶುರುವಾದದ್ದು ಹೊಸ ಗಾಡಿಗಳಿಂದ. ಶಿರಹಟ್ಟಿಯಿಂದ ಒಬ್ಬರು ಫೋನು ಹಿಡಿದರು. ಬಿಬಿ ಕಿವಿಗೊಟ್ಟು ಕೇಳಿದಳು, ಮತ್ತೊಮ್ಮೆ ಕೇಳಿದಳು. "ಏನೂ ಸಪ್ಪಳ ಇಲ್ರಿ. ಬ್ಯಾಟರಿ ಪೂರಾ ಸತ್ತೈತಿ." ಅದು ಕರೆಂಟಿನ ಕಾರು, ಆಗಲೇ ಚಾಲೂ ಇತ್ತು. ಮಾಲಕ ಬ್ಯಾಟರಿ ಬಿಚ್ಚಲು ಇಳಿದ, ಕಾರು ಅವನನ್ನು ಬಿಟ್ಟು ಹದಿನೈದು ಮಾರು ತಾನೇ ಹೋಗಿ ತಿಪ್ಪೆಗೆ ಮೂತಿ ಇಟ್ಟಿತು. ಅದಾಗಿ ಹದಿನೈದು ದಿನಕ್ಕೆ ಇನ್ನೊಬ್ಬರು. ಗಾಡಿ ಟೂಂ ಟೂಂ ಅಂತ ಒದರುತ್ತಿದೆ, ನಿಲ್ಲುತ್ತಿಲ್ಲ. ಬಿಬಿ ವೈರು ಸುಡುತ್ತಿದೆ ಅಂದಳು. ಅವರು ಮುಂದಿನ ಡ್ಯಾಶ್‌ಬೋರ್ಡು ಎಲ್ಲ ಬಿಚ್ಚಿ ನೆಲಕ್ಕೆ ಹರವಿದರು. ಪಕ್ಕದ ಸೀಟಿನ ಮೇಲೆ ಶೇಂಗಾದ ಚೀಲ ಕೂಡಿಸಿದ್ದರು. ಬೆಲ್ಟು ಹಾಕಿಲ್ಲವೆಂದು ಗಾಡಿ ಆ ಚೀಲಕ್ಕೆ ಬೈಯುತ್ತಿತ್ತು, ಅಷ್ಟೇ.

ಗ್ಯಾರೇಜನ್ನು ಈಗ ಮಗ ಮುಸ್ತಾಕ ನಡೆಸುತ್ತಾನೆ. ಒಳ್ಳೆಯ ಹುಡುಗ. ಹುಡುಗ ಅಂದೆ, ಅವನಿಗೆ ನಲವತ್ತೆರಡು. ಚಹಾದಂಗಡಿಯಲ್ಲಿ ಮಂದಿ ಶೇಂಗಾ ಚೀಲದ ಕತೆ ಹೇಳಿ ನಗುವುದು ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಅಮ್ಮಾ, ನಿನ್ನ ನೋಡಿ ನಗತಾರಲ್ಲ, ಅದು ನನಗ ಬ್ಯಾಡ," ಅಂದ. "ಇನ್ನೊಂದು ತಪ್ಪಿದ್ರ ಈ ನಂಬರು ಬಂದ್ ಮಾಡಸ್ತೀನಿ. ಗ್ಯಾರೇಜಿಗೆ ನನ್ನ ನಂಬರ ಸಾಕು."

ಆಕೆ ಆತು ಅಂದಳು. ಅಂದವಳು ಎರಡು ದಿನ ನನಗೆ ಸಕ್ಕರೆ ಇಲ್ಲದ ಚಹಾ ಕೊಟ್ಟಳು. ಸಿಟ್ಟಲ್ಲ, ನೆನಪೇ ಇರಲಿಲ್ಲ.

ಹೋದ ವೈಶಾಖದಲ್ಲಿ ಒಂದು ಮುಂಜಾನೆ ನಾನು ಅಲ್ಲೇ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಈಗ ನಮಗಿಬ್ಬರಿಗೂ ವಯಸ್ಸಾಗಿ ಕಿಂಡಿಯ ಕೆಲಸ ಮುಗಿದಿದೆ. ಎಂಟೂ ಮುಕ್ಕಾಲಿಗೆ ಫೋನು ರಿಂಗಾಯಿತು. ಮುಸ್ತಾಕ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಬಿಬಿ ಫೋನಿನ ದನಿ ದೊಡ್ಡದು ಮಾಡಿದಳು.

"ದಾವಲಸಾಬ ಗ್ಯಾರೇಜರಿ? ನಾ ಮುಂಡರಗಿ ಕೊಟ್ರಪ್ಪಾರ ಮಗಳು ಸ್ನೇಹಾ. ಸಿಂಗಟಾಲೂರ ಹೊಳಿ ದಂಡಿಗೆ ನಿಂತೇವ್ರಿ. ಕಾರು ಚಾಲೂ ಆಗವಲ್ದು."

ಕೊಟ್ರಪ್ಪ ಎಂದರೆ ಮುಂಡರಗಿಯಲ್ಲಿ ಹೊಲವೂ ಕಾಳಿನ ಅಂಗಡಿಯೂ ಇರುವ ದೊಡ್ಡ ಮನುಷ್ಯ, ಮನೆಮಂದಿಯೆಲ್ಲ ಬಿಬಿಗೆ ಗೊತ್ತಿದ್ದ ಹಳೆಯ ಗಿರಾಕಿ. ಅವತ್ತು ಸೊರಟೂರಿನಲ್ಲಿ ಅವನ ತಂಗಿಯ ಮಗಳ ಮದುವೆ. ಮದುಮಗಳಿಗೆ ಎರೆಯುವ ಸುರಿಗೆ ನೀರಿಗೆ ಸೋದರಮಾವನ ಮನೆಯಿಂದ ಒಂದು ಕೊಡ ಹೊಳೆನೀರು ಹೋಗಬೇಕು. ಅದನ್ನು ತುಂಬಿಕೊಳ್ಳಲು ತುಂಗಭದ್ರೆಯ ದಂಡೆಗೆ ಇಳಿದಿದ್ದಾರೆ. ಕೊಡ ತುಂಬಿದೆ, ಗಾಡಿ ಹೊರಡುತ್ತಿಲ್ಲ. ಹತ್ತೂವರೆಗೆ ಅಕ್ಕಿಕಾಳು ಬೀಳುವ ಮುಹೂರ್ತ.

"ಕೀ ತಿರುವವ್ವಾ," ಅಂದಳು ಬಿಬಿ.

"ತಿರುವೋ ಕೀ ಇಲ್ರಿ ಇದಕ್ಕ. ಗುಂಡಿ ಒತ್ತೋದು."

"ಹಂಗಾರ ಒತ್ತು."

ಟಿಂಗ್.

"ಅಷ್ಟನ?"

"ಅಷ್ಟರಿ."

ಬಿಬಿಯ ಮುಖ ನೋಡಬೇಕಿತ್ತು. ನಲವತ್ತು ವರ್ಷ ಮಣ್ಣಿನಲ್ಲಿ ಕುಸ್ತಿ ಹಿಡಿದ ಪೈಲವಾನನ ಮುಂದೆ ಒಂದು ಬಲೂನು ತಂದು ನಿಲ್ಲಿಸಿ, ಹಿಡಿ ಅಂದ ಹಾಗಾಗಿತ್ತು.

"ಮುಂದ ಪರದೇದ ಮ್ಯಾಲೆ ಕೀ ಕಾಣವಲ್ದು ಅಂತ ಬರದೈತ್ರಿ," ಅಂದಳು ಸ್ನೇಹಾ. "ಕೀ ನೋಡಿದ್ರ ಅಪ್ಪನ ಹತ್ರನ ಐತಿ. ನೀರಾಗ ಬಿದ್ದೀತು ಅಂತ ನಾನ ಅಪ್ಪನ ಕೈಯಾಗ ಕೊಟ್ಟು ಇಳದಿದ್ದೆ."

"ಐತಿ ಐತಿ, ಎದಿ ಮ್ಯಾಲೇ ಐತಿ," ಹಿಂದಿನ ಸೀಟಿನಿಂದ ಕೊಟ್ರಪ್ಪನ ದನಿ. ಎದೆ ಬಡಿದುಕೊಂಡದ್ದೂ ಕೇಳಿಸಿತು.

"ತಗದ ಕೊಡಪ್ಪಾ, ನೋಡೂಣು."

"ಯಾಕ ತಗೀಲಿ? ಗಾಡಿ ತಂದ ದಿನ ನೀನ ಓಣಿ ತುಂಬ ಹೇಳ್ಕೋತ ಅಡ್ಡಾಡಿದಿ. ಕೀ ಕಿಸೇದಾಗ ಇದ್ರ ಸಾಕು, ಹೊರಗ ತಗಿಯೂದ ಬ್ಯಾಡ, ಗಾಡಿಗೆ ತಾನ ಗೊತ್ತಾಕ್ಕೈತಿ ಅಂತ. ಈಗ ಗೊತ್ತು ಮಾಡ್ಕೋ ಅನ್ನು ಅದಕ್ಕ."

"ಏನು ಹಟಾರೀ ನಿಮ್ಮದು!" ಅವನ ಹೆಂಡತಿ ನೀಲಗಂಗವ್ವ ಬಾಯಿ ಹಾಕಿದಳು. "ಸೋದರಮಾವ ಹೊಳಿ ದಂಡ್ಯಾಗ ಕುಂತ್ರ ಅಲ್ಲಿ ಮಂದಿ ಏನಂತಾರ?"

"ಏನಂತಾರ? ಅಕ್ಕಿಕಾಳು ಹಾಕಿ ಊಟಕ್ಕ ಹೋಕ್ಕಾರ."

ಮುಸ್ತಾಕ ತಾಯಿಯ ಕಡೆ ಬಾಗಿದ. "ಕೀ ಒಳಗಿನ ಸೆಲ್ ಮುಗದಿರ್ತೈತಿ. ಮುಂಡರಗ್ಯಾಗ ನಮ್ಮ ದೋಸ್ತ ಅದಾನ, ಅವನ್ನ ಕಳಿಸ್ತೀನಿ. ಒಂದೂವರಿ ತಾಸು ಆಗಬಹುದು. ಫೋನ್ ತಾ ಇಲ್ಲೆ."

ಒಂದೂವರೆ ತಾಸೆಂದರೆ ಮದುವೆ ಮುಗಿದು ಬೂಂದಿ ಲಾಡೂ ಖಾಲಿಯಾಗುವ ಹೊತ್ತು. ಮುಸ್ತಾಕ ಕೈ ಚಾಚಿಯೇ ನಿಂತಿದ್ದ. ಬಿಬಿ ಫೋನನ್ನು ಎದೆಗೆ ಒತ್ತಿ ಹಿಡಿದಳು. ಈ ಸಲ ಕೊಟ್ಟರೆ ತಿರುಗಿ ಬರುವುದಿಲ್ಲ ಅಂತ ಆಕೆಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಒಂದ ನಿಮಿಷ ತಡಿ ಬೇಟಾ." ಆಮೇಲೆ ಫೋನಿಗೆ, "ಅಲ್ಲೆ ಭಾಳ ಗದ್ಲ ಆಗೇತ್ರಿ. ನೀಲಗಂಗವ್ವಾರು ಸ್ವಲ್ಪ ಇಳದು ದೂರ ನಿಂದರ್ಲಿ. ಸ್ನೇಹಾ, ನೀ ಗುಂಡಿ ಒತ್ತಕೋತ ಇರು. ಯಾರೂ ಮಾತಾಡಬ್ಯಾಡ್ರಿ."

ಬಾಗಿಲು ತೆರೆದ ಸಪ್ಪಳ, ಮುಚ್ಚಿದ ಸಪ್ಪಳ. ಟಿಂಗ್. ಟಿಂಗ್. ಆಮೇಲೆ ಎಲ್ಲೋ ಹಿಂದೆ ಸಣ್ಣಗೆ ಟಕ್ ಅಂತು. ಅದರ ಬೆನ್ನಿಗೇ ಒಬ್ಬ ಗಂಡಸು ಗಟ್ಟಿಯಾಗಿ, ಹೆಸರು ಬೆಳೆಗೆ ಹೇನು ಬಿದ್ದರೆ ರೈತ ಬಾಂಧವರು ಏನು ಸಿಂಪಡಿಸಬೇಕು ಎಂದು ಹೇಳತೊಡಗಿದ.

"ರೇಡಿಯೋ ಬಂತು! ದೀಪ ಹತ್ತಿದುವ್ರಿ!" ಸ್ನೇಹಾ ಕೂಗಿದಳು.

"ಚಾಲೂ ಆತೇನು?" ನೀಲಗಂಗವ್ವ ಓಡಿ ಬಂದು ಬಾಗಿಲು ಎಳೆದಳು. ಟಪ್ ಅಂತ ಏನೋ ಮುಚ್ಚಿತು. ಸ್ನೇಹಾ ಬ್ರೇಕು ತುಳಿದು ಗುಂಡಿ ಒತ್ತಿದಳು. ಟಿಂಗ್. ಹೇನಿನ ಔಷಧದ ಹೆಸರು ಹೇಳುವ ಮುಂಚೆಯೇ ರೇಡಿಯೋದವನು ಬಾಯಿ ಮುಚ್ಚಿದ.

ಮುಸ್ತಾಕ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ. ಬಿಬಿ ಮಾತ್ರ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಆಕೆಯ ಬಾಯಿಯ ತುದಿ ಸ್ವಲ್ಪ ಓರೆಯಾಯಿತು. ಅದು ನಗುವೋ ಅಳುವೋ ನನಗೆ ಆಗ ತಿಳಿಯಲಿಲ್ಲ.

"ನೀಲಗಂಗವ್ವಾರ," ಅಂದಳು. "ಇದು ನಿಮ್ಮಿಂದನ ಆಗಬೇಕ್ರಿ. ಇಳದು ಗಾಡಿ ಸುತ್ತ ಐದು ಸುತ್ತು ಹಾಕ್ರಿ. ಸುತ್ತಿಗೊಮ್ಮೆ ನಾಕೂ ಗಾಲಿ ಮುಟ್ಟಿ ಕೈ ಮುಗೀರಿ. ಕಿಟಕಿ ಕಾಜು ಏರಿಸಿರ್ಲಿ."

"ಯಾವ ದೇವರ ಹೆಸರೀಲೆ ಮುಗೀಲಿ?"

"ನಿಮ್ಮ ಮನಿದೇವರ ಹೆಸರೀಲೆನ ಮುಗೀರಿ."

ಮುಸ್ತಾಕ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆ ಕಡೆ ಬಾಗಿಲು ಮುಚ್ಚಿತು. ಬಿಬಿ ಫೋನನ್ನು ಬಾಯಿಯ ಹತ್ತಿರ ತಂದು ದನಿ ಇಳಿಸಿದಳು.

"ಯಜಮಾನ್ರ."

"ಆಂ?"

"ಡಬ್ಬಿ ತಗೀರಿ."

ತುಂಗಭದ್ರೆ ಹರಿಯುವ ಸಪ್ಪಳ ಲಕ್ಷ್ಮೇಶ್ವರದ ಅಡಿಗೆಮನೆಗೆ ಕೇಳುವಷ್ಟು ಮೌನ.

"ಯಾವ ಡಬ್ಬಿ?"

"ಹಿತ್ತಾಳಿ ಡಬ್ಬಿ. ಮುಚ್ಚಳ ಬಿಗಿ ಇದ್ದದ್ದು. ನೀರಿನ ಅಂಜಿಕಿಗೆ ನೀವು ಇಟ್ಟ ಕೀ ಅದರಾಗ ಐತಿ. ತಗದು ಮಗಳ ಕೈಯಾಗ ಕೊಡ್ರಿ. ಜಲ್ದಿ, ಅವರು ಎರಡನೇ ಸುತ್ತಿಗೆ ಬಂದಿರ್ತಾರ."

"ಅದು... ಅದರಾಗ ಬ್ಯಾರೆ ಸಾಮಾನೂ ಐತ್ರಿ. ಆಕಿ ಮುಂದ ಆಣಿ ಮಾಡೇನಿ ನಾ. ಮಗಳ ತಲಿ ಮುಟ್ಟಿ ಆಣಿ ಮಾಡೇನಿ."

"ನನಗ ಗಾಡಿ ಸಪ್ಪಳ ಬಿಟ್ರ ಬ್ಯಾರೆ ಏನೂ ಕೇಳ್ಸಂಗಿಲ್ರಿ."

ಟಕ್.

"ಅಪ್ಪಾ! ತಂಬಾಕ! ನನ್ನ ತಲಿ ಮುಟ್ಟಿದ್ದಿ ನೀ!"

"ತಲಿ ಕಲ್ಲಿನಂಗ ಗಟ್ಟಿ ಐತಿ, ಏನಾಗೇತಿ ಅದಕ್ಕ? ಸುಮ್ನ ಒತ್ತವಾ ನಮ್ಮವ್ವಾ!"

ಟಿಂಗ್ ಬರಲಿಲ್ಲ. ಬೆಕ್ಕು ಮಲಗಿ ಉಸಿರು ಬಿಟ್ಟ ಹಾಗೆ ಮೆತ್ತಗೆ ಗುರ್ರ್ ಅಂತು. ಹೊರಗಿನಿಂದ ನೀಲಗಂಗವ್ವ ಕಾಜು ಬಡಿದಳು. "ನಾಕನೇ ಸುತ್ತಿಗೇ ಚಾಲೂ ಆತಲ್ಲೇ ಯವ್ವಾ! ಐದನೇದು ಹಾಕ್ಲೋ, ಬ್ಯಾಡೋ?"

"ಹಾಕೇಬಿಡ್ರಿ," ಅಂದಳು ಬಿಬಿ ಫೋನಿನಲ್ಲಿ. "ದೇವರ ಕೆಲಸ ಅರ್ಧಕ್ಕ ಬಿಡಬಾರದು."

ಅವರು ಹತ್ತು ಇಪ್ಪತ್ತಕ್ಕೆ ಸೊರಟೂರು ಮುಟ್ಟಿದರು, ಹೊಳೆನೀರೂ ಮುಟ್ಟಿತು. ನೀಲಗಂಗವ್ವ ಅವತ್ತಿನಿಂದ ಐದು ಸುತ್ತು ಹಾಕದೆ ಕಾರು ಹತ್ತುವುದಿಲ್ಲವಂತೆ. ಅದನ್ನು ನೋಡಿ ಆ ಓಣಿಯವರೂ ಶುರುಮಾಡಿ, ಈಗ ಮುಂಡರಗಿಯಲ್ಲಿ ಮುಂಜಾನೆ ಒಂಬತ್ತರ ಸುಮಾರಿಗೆ ಕಾರಿಗಿಂತ ಕಾರಿನ ಸುತ್ತ ತಿರುಗುವ ಮಂದಿಯೇ ಹೆಚ್ಚು ಕಿಲೋಮೀಟರು ನಡೆಯುತ್ತಾರೆ ಅಂತ ಸುದ್ದಿ. ನಾನು ಕಣ್ಣಾರೆ ನೋಡಿಲ್ಲ, ಹಬ್ಬಿಸಿದ್ದು ಮಾತ್ರ ನಾನೇ.

ಫೋನು ಇಟ್ಟ ಮೇಲೆ ಮುಸ್ತಾಕ ಹೊಸ್ತಿಲ ಮೇಲೆ ನನ್ನ ಪಕ್ಕ ಕೂತ.

"ಡಬ್ಬಿಯಾಗ ಐತಿ ಅಂತ ಹೆಂಗ ಗೊತ್ತಾತಮ್ಮಾ?"

"ಟಕ್ ಅಂದಾಗ ರೇಡಿಯೋ ಬಂತು, ಟಪ್ ಅಂದಾಗ ಹೋತು. ಡಬ್ಬಿ ಮುಚ್ಚಿದ್ರ ಗಾಡಿಗೆ ಕೀ ಕಾಣವಲ್ದು, ಅಷ್ಟ. ಹೋದ ವರ್ಷ ಮಕ್ಕಳ ಕೈಗೆ ಸಿಗಬಾರ್ದು ಅಂತ ಈ ಫೋನು ಒಂದಿನ ಹಿತ್ತಾಳಿ ಡಬ್ಬಿಯಾಗ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಸಂಜೀತನಾ ಒಂದೂ ಫೋನ್ ಬರಲಿಲ್ಲ. ಊರಾಗಿನ ಗಾಡಿ ಎಲ್ಲಾ ಸುಧಾರಿಸಿದ್ವು ಅಂತ ತಿಳ್ಕೊಂಡಿದ್ದೆ."

"ಅದಲ್ಲ. ಆ ಟಕ್ ಅಂದದ್ದು ಡಬ್ಬಿ ಅಂತ ಹೆಂಗ ಗೊತ್ತಾತು? ತಂಬಾಕದ ಡಬ್ಬಿ ಅಂತ?"

ಬಿಬಿ ಹಿಟ್ಟಿನ ಕೈಯನ್ನು ನೋಡಿಕೊಂಡಳು. ಬೆರಳಿಗೆ ಅಂಟಿದ್ದನ್ನು ಒಂದೊಂದಾಗಿ ಬಿಡಿಸಿದಳು.

"ನಿಮ್ಮಪ್ಪಂದೂ ಹಂಗ ಸಪ್ಪಳ ಮಾಡ್ತಿತ್ತು. ಗ್ವಾಡಿ ಆಕಡೆ, ಆ ಟೈರಿನ ಹಿಂದ ಇಡ್ತಿದ್ದ. ಟಕ್ ಅನ್ನೂದು, ಸ್ವಲ್ಪ ಹೊತ್ತಿಗೆ ಟಪ್ ಅನ್ನೂದು. ಆಮ್ಯಾಲೆ ಏನೂ ಆಗೇ ಇಲ್ಲ ಅನ್ನೂವರಂಗ 'ಬ್ಯಾಟರಿ!' ಅಂತ ಒದರೂದು. ಮೂವತ್ತೆರಡು ವರ್ಷ."

"ಅಪ್ಪ ತಂಬಾಕ ಬಿಟ್ಟಿದ್ನಲ್ಲ! ನನ್ನ ಮುಂದ ಹೇಳಿದ್ದ."

"ಹೂಂ, ಬಿಟ್ಟಿದ್ದ. ದಿನಾ ನಾಕು ಸಲ ಬಿಡ್ತಿದ್ದ."

"ನೀ ಕೇಳಲಿಲ್ಲೇನು ಅವನ್ನ?"

"ಏನಂತ ಕೇಳೂದು? ನನಗ ಗೊತ್ತಿಲ್ಲ ಅಂತ ಅವಗ ಎಷ್ಟು ಸಂತೋಷ ಇತ್ತು ಅಂದ್ರ... ಅದನ್ನ ಕಸಗೊಂಡು ನಾ ಏನು ಮಾಡ್ಲಿ." ಆಕೆ ಒಲೆಯ ಕಡೆ ತಿರುಗಿದಳು. "ಎಂಜಿನ್ನಿನ ಸಪ್ಪಳ ಒಮ್ಮೊಮ್ಮೆ ತಪ್ಪತೈತಿ ಬೇಟಾ. ಈ ಸಪ್ಪಳ ನನಗ ತಪ್ಪಂಗಿಲ್ಲ. ಆರು ವರ್ಷ ಆತು ಕೇಳಿ."

ನಾನು ಒಂದು ನಗೆ ಮಾತು ಹುಡುಕಿದೆ. ನನ್ನ ಹತ್ತಿರ ಯಾವಾಗಲೂ ಕಿಸೆಯಲ್ಲಿ ಹತ್ತು ಇರುತ್ತವೆ. ಅವತ್ತು ಒಂದೂ ಕೈಗೆ ಸಿಗಲಿಲ್ಲ.

ಮುಸ್ತಾಕ ಎದ್ದ. ಹಿಟ್ಟಿನ ಪರಾತದ ಪಕ್ಕ ಇದ್ದ ಫೋನನ್ನು ಎತ್ತಿ ಕಿಸೆಗೆ ಹಾಕಿಕೊಂಡು ಹೊರಟ. ಬಿಬಿ ತಿರುಗಿ ನೋಡಲಿಲ್ಲ. ಒಂದು ರೊಟ್ಟಿ ಬಡಿದಳು, ಅದು ಹರಿಯಿತು. ಇನ್ನೊಂದು ಬಡಿದಳು, ಅದೂ ಹರಿಯಿತು. ಆಕೆಯ ರೊಟ್ಟಿ ಹರಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅರ್ಧ ತಾಸಿಗೆ ಮುಸ್ತಾಕ ಬಜಾರದಿಂದ ತಿರುಗಿ ಬಂದ. ಫೋನನ್ನು ಗೂಡಿನಲ್ಲಿ ಇಟ್ಟು, ಚಾರ್ಜಿನ ವೈರು ಚುಚ್ಚಿದ.

"ಒಂದು ವರ್ಷದ ರೀಚಾರ್ಜ್ ಮಾಡಿಸೀನಿ," ಅಂದ, ಗೋಡೆಯ ಕಡೆ ಮುಖ ಮಾಡಿಕೊಂಡು.

ಬಿಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದ ವರ್ಷದ್ದ? ಅದರ ಮುಂದ ನಾ ಸಾಯ್ತೀನಿ ಅಂತ ಮಾಡೀಯೇನಲೇ?"

"ಅದಕಿಂತ ದೊಡ್ಡದು ಅವರ ಹತ್ರ ಇರಲಿಲ್ಲಮ್ಮಾ."

"ಇನ್ನೊಂದ ಅಂಗಡ್ಯಾಗ ಕೇಳಬೇಕಿಲ್ಲೋ," ಅಂದಳು. ಹರಿದ ರೊಟ್ಟಿ ಎರಡೂ ನನ್ನ ತಾಟಿಗೆ ಬಂದವು.